ಚರ್ಚ್ ಅಂಗಳದಲ್ಲಿ ಮಣ್ಣಿನ ಚಿತ್ರ: ನವಾಹೊಗಳ ಕೈಕೆಲಸ, ನಮ್ಮೂರಿನ ಗೋದಲಿ

ಬೀದರ್, ಕಲಬುರಗಿ, ಯಾದಗಿರಿ ಕಡೆಯ ಚರ್ಚುಗಳ ಯೌವನಸ್ಥರಿಗೆ, ಸಂಡೇ ಸ್ಕೂಲ್ ನಡೆಸುವ ಅಕ್ಕಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಪ್ರತಿ ವರ್ಷ ಅದೇ ಥರ್ಮಾಕೋಲ್ ಗೋದಲಿ, ಅದೇ ಜರಿ ನಕ್ಷತ್ರ ನೋಡಿ ಸಾಕಾಗಿದ್ದರೆ ಈ ಸಲ ಕ್ರಿಸ್‌ಮಸ್ ಚಿತ್ರವನ್ನು ನೆಲದ ಮೇಲೆ, ನಮ್ಮದೇ ಮಣ್ಣಿನಲ್ಲಿ ಬಿಡಿಸಿ. ಬೀದರಿನ ಕೆಂಪು ಮಣ್ಣು, ಕಲಬುರಗಿಯ ಎರೆ, ಶಹಾಬಾದ್ ಫರ್ಸಿಯ ಪುಡಿ, ಒಲೆಯ ಇದ್ದಿಲು, ಇಷ್ಟಿದ್ದರೆ ಬಣ್ಣ ಬಂತು. ಕೈಕೆಲಸವನ್ನು ಮಾತ್ರ ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರಿಂದ ಕಲಿಯೋಣ. ಕೈಕೆಲಸ ಮಾತ್ರ. ಅವರ ದೇವತೆಗಳ ಚಿತ್ರವನ್ನು ನಕಲು ಮಾಡೋದು ಬೇಡ. ಯಾಕೆ ಬೇಡ ಅಂತ ತಿಳಿಯದೆ ಯೂಟ್ಯೂಬ್ ನೋಡಿಕೊಂಡು ಶುರು ಮಾಡಿದರೆ ಮುಂದೆ ಯಾರಾದರೂ ಕೇಳಿದಾಗ ಉತ್ತರ ಇರೋದಿಲ್ಲ. ಅದಕ್ಕೇ ಜರಡಿ ಹಿಡಿಯೋ ಮೊದಲು ಸ್ವಲ್ಪ ಹಿನ್ನೆಲೆ.

ನವಾಹೊಗಳು ಇರೋದು ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಲ್ಲಿ ಹರಡಿದ ಒಣನಾಡಿನಲ್ಲಿ. ತಮ್ಮನ್ನು ತಾವು ದಿನೆ ಎಂದು ಕರೆದುಕೊಳ್ಳುತ್ತಾರೆ. ಮಳೆ ಕಡಿಮೆ, ಕೆಂಪು ಬಂಡೆ ಜಾಸ್ತಿ, ಕುರಿ ಸಾಕಾಣಿಕೆ ಬದುಕು. ಅಲ್ಲಿ ಯಾರಿಗಾದರೂ ಕಾಯಿಲೆ ಬಂದರೆ, ಮನಸ್ಸು ಕೆಟ್ಟರೆ, ಮಂತ್ರದ ಹಾಡು ಬಲ್ಲ ಹಿರಿಯರನ್ನು ಮನೆಗೆ ಕರೆಸುತ್ತಾರೆ. ಹೋಗನ್ ಎಂಬ ಅವರ ಮನೆಯ ಬಾಗಿಲು ಪೂರ್ವಕ್ಕೆ. ಒಳಗೆ ನೆಲದ ಮೇಲೆ ಶುದ್ಧ ಮರಳು ಹಾಸಿ, ನೇಯ್ಗೆಯ ಹಲಗೆಯಿಂದ ಸಮ ಮಾಡಿ, ಅದರ ಮೇಲೆ ಬಣ್ಣದ ಪುಡಿಯನ್ನು ಬೆರಳುಗಳ ನಡುವಿಂದ ಉದುರಿಸಿ ಚಿತ್ರ ಬಿಡಿಸುತ್ತಾರೆ. ಹೆಚ್ಚಿನವು ಆರು ಅಡಿ ಅಗಲದವು. ದೊಡ್ಡದಾದರೆ ಇಪ್ಪತ್ತು ಅಡಿವರೆಗೂ ಹೋಗುತ್ತದೆ, ಆಗ ನಾಲ್ಕಾರು ಜನ ಸೇರಿ ಗಂಟೆಗಟ್ಟಲೆ ಕೂರಬೇಕು. ಮುಗಿದ ಮೇಲೆ ರೋಗಿಯನ್ನು ಆ ಚಿತ್ರದ ಮೇಲೇ ಕೂರಿಸಿ ಹಾಡು, ಪ್ರಾರ್ಥನೆ ನಡೆಯುತ್ತದೆ. ಆಮೇಲೆ ಅದನ್ನು ಅಳಿಸಿ ಮರಳನ್ನು ಹೊರಗೆ ಒಯ್ಯುತ್ತಾರೆ. ಇಟ್ಟುಕೊಳ್ಳೋ ಹಾಗಿಲ್ಲ. ಮುಂದಿನ ಸಲ ನೆನಪಿನಿಂದಲೇ ಬಿಡಿಸಬೇಕು.

ಅಂದರೆ ಅದು ಅಲಂಕಾರಕ್ಕೆ ಹಾಕಿದ್ದಲ್ಲ, ಅದು ಪೂಜೆಯ ಭಾಗ. ಅದರಲ್ಲಿರುವ ಉದ್ದನೆಯ ದೇಹದ ಆಕೃತಿಗಳು ಅವರ ಪವಿತ್ರ ಜನ, ಅಂದರೆ ಅವರ ದೇವತೆಗಳು. ಮೂರು ಕಡೆ ಸುತ್ತಿ ಪೂರ್ವ ದಿಕ್ಕು ಮಾತ್ರ ಬಿಡುವ ಕಾಮನಬಿಲ್ಲು ಕೂಡ ಕಾವಲು ದೇವತೆಯೇ. ಹೊಸ್ಟೀನ್ ಕ್ಲಾ ಎಂಬ ಹಿರಿಯರು 1867ರಲ್ಲಿ ಹುಟ್ಟಿದವರು, ಹಾಡೂ ಬಲ್ಲವರು, ನೇಯ್ಗೆಯೂ ಬಲ್ಲವರು. ಅವರು ಈ ಚಿತ್ರಗಳನ್ನು ಕಂಬಳಿಯಲ್ಲಿ ನೇಯಲು ಶುರು ಮಾಡಿದಾಗ ಅವರ ಜನರೇ ಸಿಟ್ಟಾದರು, ಕೇಡಾಗುತ್ತದೆ ಎಂದು ಹೆದರಿದರು. ಅಳಿಸಬೇಕಾದ್ದನ್ನು ಉಳಿಸಿದ್ದೇ ತಪ್ಪು ಅನ್ನೋದು ಅವರ ವಾದ. ಈಗ ಅಂಗಡಿಗಳಲ್ಲಿ ಮಾರುವ, ಹಲಗೆಗೆ ಅಂಟಿಸಿದ ಮರಳು ಚಿತ್ರಗಳಲ್ಲಿ ಕಲಾವಿದರು ಬೇಕಂತಲೇ ಒಂದು ಬಣ್ಣ ಬದಲಿಸುತ್ತಾರೆ, ಒಂದು ಭಾಗ ಬಿಡುತ್ತಾರೆ. ಪೂರ್ತಿ ಸರಿಯಾಗಿ ಮಾಡಿದರೆ ಅದು ಮಾರುವ ವಸ್ತು ಆಗಿ ಉಳಿಯೋದಿಲ್ಲ, ಅಲ್ವಾ.

ಇನ್ನು ಕ್ರೈಸ್ತ ನಂಬಿಕೆ ಅಲ್ಲಿಗೆ ಹೇಗೆ ಬಂತು ಅನ್ನೋದು. ಫ್ರಾನ್ಸಿಸ್ಕನ್ ಪಾದ್ರಿಗಳು 1898ರಲ್ಲಿ ಅರಿಜೋನಾದ ಸೇಂಟ್ ಮೈಕಲ್ಸ್‌ನಲ್ಲಿ ಮಿಷನ್ ತೆರೆದರು. ಅಲ್ಲಿಗೆ 1900ರಲ್ಲಿ ಬಂದ ಫಾದರ್ ಬೆರಾರ್ಡ್ ಹೈಲೆ ನವಾಹೊ ಭಾಷೆ ಕಲಿತು, ಅವರ ಆಚರಣೆಗಳ ಹಾಡು, ಕಥೆಗಳನ್ನು ದಶಕಗಳ ಕಾಲ ಬರೆದಿಟ್ಟರು. ಪಾದ್ರಿಯೊಬ್ಬರು ಬೇರೆ ನಂಬಿಕೆಯ ಮಂತ್ರಗಳನ್ನು ಅಷ್ಟು ಶ್ರದ್ಧೆಯಿಂದ ಬರೆದುಕೊಂಡಿದ್ದು ನನಗಂತೂ ದೊಡ್ಡ ವಿಷಯ ಅನ್ನಿಸುತ್ತದೆ. ಎಲ್ಲರೂ ಹಾಗಿರಲಿಲ್ಲ. ಎಷ್ಟೋ ಬೋರ್ಡಿಂಗ್ ಶಾಲೆಗಳಲ್ಲಿ ಮಕ್ಕಳ ಕೂದಲು ಕತ್ತರಿಸಿದರು, ಮನೆಮಾತು ಆಡಿದರೆ ಶಿಕ್ಷೆ ಕೊಟ್ಟರು. ಯೂಟಾದ ಬ್ಲಫ್‌ನಲ್ಲಿ 1943ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಮಿಷನ್ ಕಟ್ಟಿದ ಎಪಿಸ್ಕೋಪಲ್ ಪಾದ್ರಿ ಹ್ಯಾರಲ್ಡ್ ಲೀಬ್ಲರ್ ಇದರ ಉಲ್ಟಾ. ಅವರೇ ನವಾಹೊಗಳ ಹಾಗೆ ಕೂದಲು ಉದ್ದ ಬಿಟ್ಟು ಗಂಟು ಕಟ್ಟಿಕೊಂಡರು. ನವಾಹೊ ಭಾಷೆಯಲ್ಲಿ ಹೊಸ ಒಡಂಬಡಿಕೆ 1956ರಲ್ಲಿ ಬಂತು, ಪೂರ್ತಿ ಬೈಬಲ್ 1985ರಲ್ಲಿ.

ಹಾಗಾಗಿ ಇವತ್ತು ಅಲ್ಲಿನ ಕ್ರೈಸ್ತರಲ್ಲೇ ಈ ಚಿತ್ರಗಳ ಬಗ್ಗೆ ಒಂದೇ ಅಭಿಪ್ರಾಯ ಇಲ್ಲ. ಕೆಲವರು ಮರಳಿನ ಚಿತ್ರವನ್ನು ಮನೆಯಲ್ಲೂ ಇಡೋದಿಲ್ಲ, ಅದು ಬೇರೆ ದೇವರಿಗೆ ಮಾಡಿದ ಪ್ರಾರ್ಥನೆ ಅಂತ. ಇನ್ನು ಕೆಲವರಿಗೆ ನಾಲ್ಕು ದಿಕ್ಕು, ನಾಲ್ಕು ಬೆಟ್ಟ, ಮೆಕ್ಕೆಜೋಳದ ಗಿಡ ಅವರ ನೆಲದ ಗುರುತುಗಳು, ಅವು ಚರ್ಚಿನೊಳಗೂ ಬರಬಹುದು.

ಈ ಜಗಳ ನಮಗೇನು ಹೊಸದಲ್ಲ. ನೀವು ಅಂಗಳದಲ್ಲಿ ಪುಡಿ ಹಿಡಿದು ಕೂತ ಕೂಡಲೇ ಸಭೆಯ ಹಿರಿಯರೊಬ್ಬರು ಬಂದು ಕೇಳುತ್ತಾರೆ, "ಏನವ್ವಾ, ರಂಗೋಲಿ ತಂದು ಚರ್ಚ್ ಅಂಗಳದಾಗ ಹಾಕ್ಲಾಕತ್ತೀರಿ?" ಅಂತ. ಅವರ ಮೇಲೆ ಹರಿಹಾಯಬೇಡಿ. ಅವರ ಅಜ್ಜ, ಮುತ್ಯಾನ ಕಾಲದಲ್ಲಿ ಹಳೆಯದನ್ನು ಬಿಟ್ಟು ಬಂದ ನೋವು, ಹಟ ಎರಡೂ ಆ ಪ್ರಶ್ನೆಯಲ್ಲಿ ಇರುತ್ತದೆ. ಮೊದಲೇ, ನವೆಂಬರ್‌ನಲ್ಲೇ, ಪಾಸ್ಟರ್ ಹತ್ತಿರ ಹಾಳೆಯ ಮೇಲೆ ಬಿಡಿಸಿದ ನಕ್ಷೆ ತೆಗೆದುಕೊಂಡು ಹೋಗಿ. "ಕಾಕಾ, ಇದು ಗೋದಲಿ. ಇವರು ಕುರುಬರು. ಇದು ನಮ್ಮ ಹೊಲದ ಎರೆ ಮಣ್ಣು" ಅಂತ ಹಿರಿಯರಿಗೆ ಬೆರಳಿಟ್ಟು ತೋರಿಸಿ. ಒಂದು ಬಣ್ಣದ ಪುಡಿಯನ್ನು ಅವರ ಹೊಲದಿಂದಲೇ ಕೇಳಿ ತನ್ನಿ. ಹೊಲದ ಮಣ್ಣು ಕೊಟ್ಟವರು ಆಮೇಲೆ ಚಿತ್ರವನ್ನು ಬಯ್ಯೋದು ಕಡಿಮೆ. ಇಷ್ಟಾದರೂ ಬೇಡ ಅಂದರೆ ನೆಲ ಬಿಟ್ಟು ಹಲಗೆಯ ಮೇಲೆ ಮಾಡಿ, ಆ ವಿಧಾನವೂ ಕೆಳಗಿದೆ.

ಪುಡಿ ಎಲ್ಲಿಂದ, ಹೇಗೆ

ನವಾಹೊಗಳ ಮುಖ್ಯ ಬಣ್ಣಗಳು ಬಿಳಿ, ಹಳದಿ, ಕೆಂಪು, ಕಪ್ಪು, ಮತ್ತೆ ಅವರು ನೀಲಿ ಅನ್ನುವ ಒಂದು ಬೂದು. ಬಿಳಿಗೆ ಜಿಪ್ಸಮ್, ಹಳದಿಗೆ ಕಾವಿಯಂಥ ಹಳದಿ ಮಣ್ಣು, ಕೆಂಪಿಗೆ ಮರಳುಗಲ್ಲು, ಕಪ್ಪಿಗೆ ಇದ್ದಿಲು. ಆ ನೀಲಿ ಹೇಗೆ ಬರುತ್ತದೆ ಅಂದ್ರೆ ಇದ್ದಿಲು ಪುಡಿಯನ್ನು ಬಿಳಿ ಪುಡಿಗೆ ಬೆರೆಸಿ. ಕೆಂಪು, ಹಳದಿಯ ಪಕ್ಕದಲ್ಲಿ ಹಾಕಿದಾಗ ಆ ಬೂದು ಕಣ್ಣಿಗೆ ನಿಜವಾಗಿ ನೀಲಿ ಕಾಣುತ್ತದೆ. ಮಾಡಿ ನೋಡಿ, ನಂಬಿಕೆ ಬರುತ್ತದೆ.

ನಮ್ಮ ಕಡೆ ಇದಕ್ಕೆಲ್ಲ ಬದಲಿ ಇದೆ. ಕೆಂಪಿಗೆ ಬೀದರ್ ದಿಬ್ಬದ ಮಣ್ಣು. ಬೀದರ್ ಊರು ಕೂತಿರೋದೇ ಜಂಬಿಟ್ಟಿಗೆ ಕಲ್ಲಿನ ಮೇಲೆ. ಮನೆ ಪಾಯ ತೆಗೆಯುವ ಕಡೆ ಕೇಳಿದರೆ ಅರ್ಧ ಬುಟ್ಟಿ ಸುಮ್ನೆ ಕೊಡುತ್ತಾರೆ. ಕೋಟೆ ಗೋಡೆಯ ಹತ್ತಿರ, ಕರೇಜ್ ಹಾದುಹೋಗುವ ನೌಬಾದ್ ಕಡೆ ಮಾತ್ರ ಅಗೆಯಬೇಡಿ. ಆರು ಶತಮಾನದ ಹತ್ತಿರ ಬಂದ ನೀರಿನ ಸುರಂಗ ಅದು, ಒಂದು ಬುಟ್ಟಿ ಮಣ್ಣಿಗೆ ಅದನ್ನು ಕೆದಕೋದು ಬೇಡ. ಮಣ್ಣು ಸಿಗದಿದ್ದರೆ ಅಂಗಡಿಯ ಜಾಜು ಆಗುತ್ತದೆ, ಆದರೆ ಅದು ತೀರಾ ನುಣುಪು, ಮರಳು ಬೆರೆಸಬೇಕು.

ಕಂದುಗಪ್ಪಿಗೆ ಎರೆ. ಕಲಬುರಗಿಯ ತೊಗರಿ ಹೊಲದಲ್ಲಿ ಬೇಕಾದಷ್ಟಿದೆ. ಆದರೆ ಎರೆ ಮಣ್ಣು ತೇವ ಬಿಡೋದಿಲ್ಲ, ಹೆಂಟೆ ಕಟ್ಟುತ್ತದೆ. ಎರಡು ಮೂರು ದಿನ ಬಿಸಿಲಿಗೆ ಹರಡಿ, ಹೆಂಟೆ ಒಡೆದು, ಮತ್ತೆ ಬಾಣಲೆಯಲ್ಲಿ ಹುರಿದರೆ ಚೆನ್ನಾಗಿ ಉದುರುತ್ತದೆ. ಅಡುಗೆ ಬಾಣಲೆ ಬೇಡ, ಹಳೆಯ ತಗಡು ಸಾಕು. ಎರೆ ಪೂರ್ತಿ ಕಪ್ಪಲ್ಲ. ಗಾಢ ಕಪ್ಪು ಬೇಕಾದಲ್ಲಿ ಇದ್ದಿಲನ್ನೇ ಬಳಸಿ. ಬರೀ ಇದ್ದಿಲು ಪುಡಿ ಹಗುರ, ಬೆರಳಿಂದ ಇಳಿಯೋದಿಲ್ಲ, ಉಸಿರು ಬಿಟ್ಟರೆ ಹಾರುತ್ತದೆ. ಅದಕ್ಕೆ ಸಮ ಪ್ರಮಾಣದ ನುಣ್ಣನೆ ಮರಳು ಬೆರೆಸಿ. ನವಾಹೊಗಳೂ ತೂಕ ಬರಲಿ ಅಂತ ಮರಳು ಬೆರೆಸುತ್ತಾರೆ.

ತಿಳಿ ಬೂದಿಗೆ ಶಹಾಬಾದ್ ಕಲ್ಲು. ಶಹಾಬಾದ್, ಚಿತ್ತಾಪುರ, ವಾಡಿ ಕಡೆ ಫರ್ಸಿ ಕೊಯ್ಯುವ, ಪಾಲಿಶ್ ಮಾಡುವ ಘಟಕಗಳ ಹೊರಗೆ ಕೆಸರಿನಂಥ ಪುಡಿ ಒಣಗಿ ಬಿದ್ದಿರುತ್ತದೆ, ಅದು ಅವರಿಗೆ ಕಸ. ಮಾಲೀಕರನ್ನು ಕೇಳಿಯೇ ತನ್ನಿ. ಯಾದಗಿರಿ ಕಡೆಯವರು ಗುಲಾಬಿ ಛಾಯೆಗೆ ಗ್ರಾನೈಟ್ ಹುಡಿ ನೋಡಬಹುದು. ಹಳದಿಗೆ ಮುಲ್ತಾನಿ ಮಿಟ್ಟಿ ಮಾಸಲು ಹಳದಿ ಕೊಡುತ್ತದೆ. ಬೀದರಿನ ಕೆಂಪು ಪದರದ ಕೆಳಗೆ ಕೆಲವು ಕಡೆ ಹಳದಿ ಜೇಡಿ ಸಿಗುತ್ತದೆ, ಸಿಕ್ಕರೆ ಅದೇ ಉತ್ತಮ. ಅರಿಶಿನ ಬೇಡ. ಬಿಸಿಲಿಗೆ ಬಣ್ಣ ಹೋಗುತ್ತದೆ, ಇರುವೆ ಬರದಿದ್ದರೂ ದುಡ್ಡಂತೂ ಹೋಗುತ್ತದೆ. ಹಳದಿ ಮಣ್ಣನ್ನು ತಗಡಿನ ಮೇಲೆ ಜೋರಾಗಿ ಕಾಯಿಸಿದರೆ ಅದರಲ್ಲಿನ ಕಬ್ಬಿಣದ ಅಂಶದಿಂದ ನೀರು ಹೋಗಿ ಕೆಂಪಾಗುತ್ತದೆ. ಬೇರೆ ಬೇರೆ ಹೊತ್ತು ಕಾಯಿಸಿ ತೆಗೆದರೆ ಒಂದೇ ಮಣ್ಣಿನಿಂದ ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಬಂದುಬಿಡುತ್ತದೆ. ಸಂಡೇ ಸ್ಕೂಲ್ ಮಕ್ಕಳಿಗೆ ಇದೇ ಎಲ್ಲಕ್ಕಿಂತ ಇಷ್ಟವಾಗುತ್ತದೆ, ಆದರೆ ಒಲೆ ಹತ್ತಿರ ದೊಡ್ಡವರು ಇರಲಿ. ಅಚ್ಚ ಬಿಳಿಗೆ ಅಂಗಡಿಯ ಬಿಳಿ ರಂಗೋಲಿ ಪುಡಿ. ಸುಣ್ಣ ಬಳಸಬೇಡಿ, ಬೆರಳು ಸುಡುತ್ತದೆ.

ಕಲ್ಲು ಕುಟ್ಟುವಾಗ ಮೂಗಿಗೆ ಮಾಸ್ಕ್ ಕಡ್ಡಾಯ. ಮರಳುಗಲ್ಲು, ಗ್ರಾನೈಟ್ ದೂಳು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಗೆ ಬರೋದಿಲ್ಲ. ಕಲ್ಲು ಕೆಲಸದವರಿಗೆ ಬರುವ ಸಿಲಿಕೋಸಿಸ್ ಇದರಿಂದಲೇ. ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೂತು ಕುಟ್ಟಿ. ಮಕ್ಕಳಿಗೆ ಕುಟ್ಟೋ ಕೆಲಸ ಬೇಡ, ಜರಡಿ ಹಿಡಿಯೋ ಕೆಲಸವನ್ನೂ ಮಾಸ್ಕ್ ಹಾಕಿಸಿಯೇ ಕೊಡಿ.

ಜರಡಿ ಎರಡು ಬೇಕು. ಮೊದಲು ಹಿಟ್ಟಿನ ಜರಡಿ, ಆಮೇಲೆ ತೆಳು ಬಟ್ಟೆ. ಬಟ್ಟೆಯಿಂದ ಕೆಳಗೆ ಬಿದ್ದ ಹಿಟ್ಟನ್ನು ಬದಿಗಿಡಿ, ಬಟ್ಟೆಯ ಮೇಲೆ ಉಳಿದ ಸಣ್ಣ ರವೆಯಂಥ ಪುಡಿಯೇ ನಮಗೆ ಬೇಕಾದ್ದು. ಹಿಟ್ಟಿನಷ್ಟು ನುಣುಪಾದರೆ ಬೆರಳಿಗೆ ಅಂಟಿ ಗೆರೆ ಒಡೆಯುತ್ತದೆ, ದಪ್ಪವಾದರೆ ಅಂಚು ಚೂಪಾಗಿ ಬರೋದಿಲ್ಲ. ತೆಳುವಾಗಿ ತುಂಬಿದರೆ ಒಂದು ಕೆಜಿ ಪುಡಿ ಸುಮಾರು ಏಳು ಚದರ ಅಡಿಗೆ ಬರುತ್ತದೆ. ಆರು ಅಡಿ ಚಿತ್ರಕ್ಕೆ ಬಣ್ಣಕ್ಕೊಂದು ಕೆಜಿ, ಕಪ್ಪು ಮತ್ತು ಬಿಳಿ ಎರಡೆರಡು ಕೆಜಿ ಇಟ್ಟುಕೊಳ್ಳಿ.

ಏನು ಬಿಡಿಸಬೇಕು

ಇಲ್ಲಿ ನವಾಹೊ ಚಿತ್ರಕಾರರಿಂದ ಕಲಿಯೋದು ಬಹಳ ಇದೆ, ಮರಳು ಚಿತ್ರಕ್ಕಿಂತ ಕಾಗದ, ಕ್ಯಾನ್ವಾಸ್ ಮೇಲೆ ಬಣ್ಣ ಹಚ್ಚಿದವರಿಂದ. ಡೊರೊತಿ ಡನ್ ಎಂಬ ಶಿಕ್ಷಕಿ 1932ರಲ್ಲಿ ನ್ಯೂ ಮೆಕ್ಸಿಕೊದ ಸ್ಯಾಂಟಾ ಫೆ ಇಂಡಿಯನ್ ಸ್ಕೂಲಿನಲ್ಲಿ (ಇಲ್ಲಿ ಇಂಡಿಯನ್ ಅಂದರೆ ಅಮೆರಿಕದ ಮೂಲನಿವಾಸಿಗಳು) ಚಿತ್ರಕಲೆಯ ಸ್ಟುಡಿಯೊ ಶುರು ಮಾಡಿದರು. ಹ್ಯಾರಿಸನ್ ಬಿಗೇ, ಜೆರಾಲ್ಡ್ ನೇಲರ್ ಅಲ್ಲಿಂದ ಬಂದ ನವಾಹೊ ಕಲಾವಿದರು. ಅವರ ಚಿತ್ರದಲ್ಲಿ ನೆರಳು ಇಲ್ಲ, ದೂರ ಹತ್ತಿರದ ಲೆಕ್ಕ ಇಲ್ಲ, ಹಿನ್ನೆಲೆಯೂ ಹೆಚ್ಚಾಗಿ ಖಾಲಿ. ಒಂದು ಕುರಿ, ಒಂದು ಕುದುರೆ, ಒಬ್ಬ ಹೆಂಗಸು, ಸುತ್ತ ಸ್ವಚ್ಛ ಗೆರೆ, ಒಳಗೆ ಸಪಾಟು ಬಣ್ಣ. ಇಂಡಿಯನ್ ಕಲೆ ಹೀಗೇ ಇರಬೇಕು ಅಂತ ಹೊರಗಿನವರೊಬ್ಬರು ಗೆರೆ ಎಳೆದಿದ್ದು ಸರಿಯೇ ಅನ್ನುವ ಟೀಕೆ ಆ ಸ್ಟುಡಿಯೊ ಮೇಲೆ ಇದೆ, ಮತ್ತೆ ಅದು ನ್ಯಾಯವಾದ ಟೀಕೆಯೇ. ಆದರೂ ಪುಡಿಯಲ್ಲಿ ಚಿತ್ರ ಬಿಡಿಸೋರಿಗೆ ಆ ಸಪಾಟು ಶೈಲಿ ಹೇಳಿ ಮಾಡಿಸಿದ್ದು.

ಆರ್. ಸಿ. ಗೋರ್ಮನ್ ಇನ್ನೊಬ್ಬರು. 1931ರಲ್ಲಿ ಅರಿಜೋನಾದ ಚಿನ್ಲೆಯಲ್ಲಿ ಹುಟ್ಟಿದರು, 2005ರಲ್ಲಿ ತೀರಿಕೊಂಡರು. ಅವರ ಅಜ್ಜಿ ಆಲಿಸ್ ಪೆಶ್ಲಕಾಯ್ ಪ್ರೆಸ್ಬಿಟೇರಿಯನ್ ಕೀರ್ತನೆಗಳನ್ನು ನವಾಹೊ ಭಾಷೆಗೆ ತಂದವರು, ನೇಯ್ಗೆಯವರು ಕೂಡ. ತಂದೆ ಕಾರ್ಲ್ ಗೋರ್ಮನ್ ಶಾಲೆಯಲ್ಲಿ ಮನೆಮಾತು ಆಡಿದ್ದಕ್ಕೆ ಶಿಕ್ಷೆ ಅನುಭವಿಸಿ, ಎರಡನೇ ಮಹಾಯುದ್ಧದಲ್ಲಿ ಅದೇ ಭಾಷೆಯನ್ನು ಗುಪ್ತ ಸಂಕೇತವಾಗಿ ಬಳಸಿದ ಮೊದಲ 29 ಸೈನಿಕರಲ್ಲಿ ಒಬ್ಬರಾದರು, ಆಮೇಲೆ ಅವರೂ ಕಲಾವಿದರಾದರು. ಮಗನೂ ಮಿಷನ್ ಶಾಲೆಯಲ್ಲಿ ಓದಿದವರೇ, ಅಲ್ಲಿನ ಒಬ್ಬ ಶಿಕ್ಷಕಿಯೇ ಚಿತ್ರ ಬಿಡಿಸು ಅಂತ ಹುರಿದುಂಬಿಸಿದರು. ಒಂದೇ ಮನೆತನದಲ್ಲಿ ಚರ್ಚು ಕೊಟ್ಟಿದ್ದೂ ಇದೆ, ಕಿತ್ತುಕೊಂಡಿದ್ದೂ ಇದೆ. ಗೋರ್ಮನ್ ಹೆಸರಾದದ್ದು ಕಂಬಳಿ ಹೊದ್ದ ನವಾಹೊ ಹೆಂಗಸರ ಚಿತ್ರಗಳಿಂದ. ದೊಡ್ಡ ಮೈ, ಕಂಬಳಿಯ ಒಂದೇ ಒಂದು ಬಾಗಿದ ಗೆರೆ, ಮುಖ, ಕೈ, ಕಾಲು ಸ್ವಲ್ಪವೇ ಹೊರಗೆ.

ನಾವು ತೆಗೆದುಕೊಳ್ಳಬೇಕಾದದ್ದು ಆ ಕಂಬಳಿಯ ಗೆರೆ. ನಮ್ಮಲ್ಲೂ ಕಂಬಳಿ ಇದೆಯಲ್ಲ! ಯಾದಗಿರಿ, ಶಹಾಪುರ, ಸುರಪುರದ ಕಡೆ ಕುರಿ ಕಾಯುವವರು ತಲೆ ಮೇಲಿಂದ ಇಳಿಬಿಟ್ಟ ಕರಿ ಕಂಬಳಿಯನ್ನು ಹಾಗೇ ಒಂದೇ ಗೆರೆಯಲ್ಲಿ ಬಿಡಿಸಬಹುದು. ಡೆಕ್ಕನಿ ಕುರಿಗೆ ಇದ್ದಿಲು ಕಪ್ಪು, ಕೆಂಗುರಿ ತಳಿಗೆ ಕೆಂಪು ಮಣ್ಣಿಗೆ ಚೂರು ಎರೆ ಬೆರೆಸಿದ ಕಂದು. ಕ್ರಿಸ್‌ಮಸ್ ಕಾರ್ಡಿನ ಹಾಗೆ ಎಲ್ಲ ಕುರಿಯನ್ನೂ ಹತ್ತಿಯಂತೆ ಬಿಳಿ ಮಾಡಬೇಡಿ, ನಮ್ಮ ಹೊಲದಲ್ಲಿ ಅಂಥ ಕುರಿ ಯಾರು ನೋಡಿದ್ದಾರೆ? ನವಾಹೊಗಳಿಗೂ ಕುರಿ ಅಂದರೆ ಜೀವ. ಹುಲ್ಲು ಸಾಲದು ಅಂತ 1930ರ ದಶಕದಲ್ಲಿ ಅಮೆರಿಕ ಸರ್ಕಾರ ಅವರ ಕುರಿಗಳನ್ನು ಬಲವಂತವಾಗಿ ಕಡಿಮೆ ಮಾಡಿಸಿದ ಕಥೆಯನ್ನು ಹಿರಿಯರು ಇನ್ನೂ ಮರೆತಿಲ್ಲ. ಲೂಕನ ಸುವಾರ್ತೆಯಲ್ಲಿ ಮೊದಲು ಸುದ್ದಿ ತಿಳಿದದ್ದು ರಾತ್ರಿ ಹಿಂಡು ಕಾಯುತ್ತಿದ್ದ ಕುರುಬರಿಗೆ. ಹಾಗಾಗಿ ಚಿತ್ರದಲ್ಲಿ ಕುರುಬರೇ ದೊಡ್ಡದಾಗಿರಲಿ, ಮೂವರು ಜ್ಞಾನಿಗಳಿಗೆ ಜಾಗ ಉಳಿದರೆ ನೋಡೋಣ. ಒಂಟೆ ಬಿಡಿಸೋದು ಕಷ್ಟ, ಅದೂ ಒಂದು ಕಾರಣ.

ನಕ್ಷೆ ಹೀಗಿರಬಹುದು. ನಡುವೆ ಎರಡು ಅಡಿ ಅಗಲದ ಗೋದಲಿ, ಒಳಗೆ ಮಗು, ಮೇವಿನ ಬದಲು ಜೋಳದ ಕಣಿಕೆ. ಅದರಿಂದ ನಾಲ್ಕು ಮೂಲೆಗೆ ನಾಲ್ಕು ಗಿಡ: ಜೋಳ, ತೊಗರಿ, ಕಡಲೆ, ಕುಸುಬೆ. ನವಾಹೊ ಚಿತ್ರಗಳಲ್ಲೂ ನಡುವಿನಿಂದ ನಾಲ್ಕು ಬೆಳೆ ಮೂಲೆಗೆ ಬೆಳೆಯುತ್ತವೆ, ಮೆಕ್ಕೆಜೋಳ, ಅವರೆಯ ಜಾತಿಯ ಕಾಳು, ಕುಂಬಳ, ತಂಬಾಕು. ಅವರ ಬೆಳೆ ಅವರಿಗೆ, ನಮ್ಮದು ನಮಗೆ. ತೊಗರಿ ಹೂವಿನ ಹಳದಿ, ಕುಸುಬೆಯ ಕಿತ್ತಳೆ ಪುಡಿಯಲ್ಲಿ ಚೆನ್ನಾಗಿ ಏಳುತ್ತದೆ. ಗಿಡಗಳ ನಡುವಿನ ನಾಲ್ಕು ಜಾಗದಲ್ಲಿ ಮರಿಯಳು, ಯೋಸೇಫ, ಕುರುಬರು, ಕುರಿ ಹಿಂಡು. ಮರಿಯಳಿಗೆ ಇಳಕಲ್ ಸೀರೆಯ ಕೆಂಪು ಸೆರಗು, ಯೋಸೇಫನಿಗೆ ರುಮಾಲು, ಧೋತರ. ಮುಖಕ್ಕೆ ಕಣ್ಣು ಮೂಗು ಬಿಡಿಸಲು ಹೋಗಬೇಡಿ, ಪುಡಿಯಲ್ಲಿ ಅದು ಯಾವಾಗಲೂ ಕೆಡುತ್ತದೆ. ತಲೆ ಬಾಗಿದ ರೀತಿಯಲ್ಲೇ ಎಲ್ಲ ಗೊತ್ತಾಗುತ್ತದೆ.

ಕಾಮನಬಿಲ್ಲಿನ ಕಾವಲು, ಉದ್ದ ದೇಹದ ಪವಿತ್ರ ಜನ, ಗರಿಗಳ ಗೊಂಚಲು, ಬಾಣದಂಥ ಮಿಂಚು, ಇವನ್ನು ಮುಟ್ಟಬೇಡಿ. ದಿಕ್ಕಿನ ಬಣ್ಣ ಕೂಡ ಹಾಗೇ: ಅವರಿಗೆ ಪೂರ್ವ ಬಿಳಿ, ದಕ್ಷಿಣ ನೀಲಿ, ಪಶ್ಚಿಮ ಹಳದಿ, ಉತ್ತರ ಕಪ್ಪು. ತಿಳಿದುಕೊಂಡಿರಿ, ಅದೇ ಕ್ರಮದಲ್ಲಿ ಹಾಕಬೇಡಿ. ಅಂಚಿಗೆ ಬೇಕಿದ್ದರೆ ಕಂಬಳಿಯ ಬಿಳಿ ಪಟ್ಟಿ ತರಹ ಎರಡು ಗೆರೆ ಎಳೆದು, ಜನ ಬಂದು ನಿಲ್ಲುವ ಕಡೆ ತೆರೆದಿಡಿ. ಸುರಪುರ ಶೈಲಿಯಲ್ಲಿ ಯಾಕೆ ಮಾಡಬಾರದು ಅಂತ ಕೆಲವರು ಕೇಳಬಹುದು. ಮಾಡಬಹುದು, ಆದರೆ ಆ ಚಿತ್ರಕ್ಕೆ ಕೂದಲೆಳೆಯ ಕುಂಚ, ಬಂಗಾರದ ಕೆಲಸ, ವರ್ಷಗಳ ಅಭ್ಯಾಸ ಬೇಕು. ಪುಡಿ ಹಿಡಿಯೋಕೆ ರಂಗೋಲಿ ಹಾಕಿದ ಕೈ ಸಾಕು.

ನೆಲದ ಮೇಲೆ ಹಾಕುವಾಗ

ಗಾಳಿ ಬೀಳದ ಮೂಲೆ ಹುಡುಕಿ. ಡಿಸೆಂಬರ್‌ನಲ್ಲಿ ಬೀದರ್ ದಿಬ್ಬದ ಮೇಲೆ ಬೆಳಿಗ್ಗೆ ಗಾಳಿ ಬಿಡೋದಿಲ್ಲ, ಚರ್ಚಿನ ವರಾಂಡಾ ಅಥವಾ ಪೋರ್ಟಿಕೊ ಒಳ್ಳೆಯದು. ಬಯಲಲ್ಲಾದರೆ ರಾತ್ರಿ ಇಬ್ಬನಿ ಬಿದ್ದು ಇದ್ದಿಲು ಹರಡುತ್ತದೆ, ಹಾಗಾಗಿ ಬೆಳಿಗ್ಗೆ ಶುರು ಮಾಡಿ ಅದೇ ದಿನ ಮುಗಿಸಿ, ಸಂಜೆ ಆರಾಧನೆಗೆ ತೋರಿಸಿ.

ಆರು ಅಡಿ ಉದ್ದ, ಆರು ಅಡಿ ಅಗಲಕ್ಕೆ ಒಂದು ಇಂಚು ದಪ್ಪ ಮರಳು ಹಾಸಬೇಕು. ಲೆಕ್ಕ ಹಾಕಿದರೆ ಮೂರು ಘನ ಅಡಿ, ಅಂದರೆ ಸಿಮೆಂಟ್ ಚೀಲದಲ್ಲಿ ಎರಡೂವರೆ ಚೀಲ, ಒಣ ಮರಳಾದರೆ ಸುಮಾರು 135 ಕೆಜಿ. ಕೆಳಗೆ ತಾಡಪತ್ರಿ ಹಾಸಿದರೆ ಆಮೇಲೆ ತೆಗೆಯೋದು ಸುಲಭ. ಮರಳು ಚೆನ್ನಾಗಿ ಒಣಗಿರಬೇಕು, ಬಣ್ಣ ತಿಳಿ ಕಂದಾಗಿರಲಿ. ಗಾರೆ ಕೆಲಸದವರ ಹತ್ತಿರ ಉದ್ದನೆಯ ಪಟ್ಟಿ ತಂದು ಒಂದೇ ಕಡೆಯಿಂದ ಎಳೆದು ಸಮ ಮಾಡಿ. ನೇರ ಗೆರೆಗೆ ದಾರ ಬಿಗಿಯಾಗಿ ಹಿಡಿದು ಮರಳಿನ ಮೇಲೆ ಚಿಮ್ಮಿಸಿ, ಸಣ್ಣ ಗುರುತು ಬೀಳುತ್ತದೆ. ನವಾಹೊಗಳೂ ಹೀಗೇ ಮಾಡುತ್ತಾರೆ, ನಮ್ಮ ಗೌಂಡಿಗಳೂ ಹೀಗೇ.

ನಡುವಿನಿಂದ ಶುರು ಮಾಡಿ ಹೊರಗೆ ಬನ್ನಿ. ಹೊರಗಿನಿಂದ ಶುರು ಮಾಡಿದರೆ ನಡುವೆ ಮುಟ್ಟೋಕೆ ಆಗೋದಿಲ್ಲ, ಮೊಣಕಾಲು ಚಿತ್ರದ ಮೇಲೇ ಬೀಳುತ್ತದೆ. ಮೊದಲು ಆಕೃತಿಯ ಪೂರ್ತಿ ಮೈಯನ್ನು ಒಂದೇ ಬಣ್ಣದಲ್ಲಿ ತುಂಬಿ. ಅದರ ಮೇಲೆ ಸೀರೆಯ ಅಂಚು, ಕಂಬಳಿಯ ಪಟ್ಟಿ. ನಮ್ಮ ರಂಗೋಲಿಯಲ್ಲಿ ಮೊದಲು ಗೆರೆ, ಆಮೇಲೆ ತುಂಬೋದು. ಇಲ್ಲಿ ತುಂಬಿದ ಮೇಲೆ ಗೆರೆ. ಅಭ್ಯಾಸ ಆಗೋವರೆಗೆ ಅಕ್ಕಂದಿರಿಗೆ ಕೈ ತಡೆಯುತ್ತದೆ. ಪುಡಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವಿಂದ ಬಿಡಿ, ಬೆರಳು ಮರಳಿಗೆ ಎರಡು ಇಂಚು ಮೇಲಿರಲಿ, ಕೈ ಓಡುತ್ತಾ ಇರಲಿ. ನಿಂತಲ್ಲಿ ಗುಡ್ಡೆ ಬೀಳುತ್ತದೆ. ಗೆರೆ ಸೊಟ್ಟಾದರೆ ಉಜ್ಜಬೇಡಿ, ಕೆಡುತ್ತದೆ. ಆ ಜಾಗದ ಮೇಲೆ ಹಾಸಿದ ಮರಳನ್ನೇ ಚಿಟಿಕೆ ಉದುರಿಸಿ ಮುಚ್ಚಿ, ಮತ್ತೆ ಎಳೆಯಿರಿ.

ನಾಲ್ಕು ಜನ ನಾಲ್ಕು ಕಡೆ ಕೂತರೆ ಸಾಕು. ಒಬ್ಬರು ಮಾತ್ರ ನಿಂತು ನೋಡುವವರು ಇರಲಿ, ಕೂತವರಿಗೆ ಪ್ರಮಾಣ ತಪ್ಪಿದ್ದು ಕಾಣೋದಿಲ್ಲ. ಸಣ್ಣ ಮಕ್ಕಳಿಗೆ ಕುರಿ ಹಿಂಡಿನ ಜಾಗ ಬಿಟ್ಟುಕೊಡಿ. ಕುರಿ ಹೇಗೆ ಬಿಡಿಸಿದರೂ ಕುರಿಯೇ. ಹಬ್ಬ ಮುಗಿದ ಮೇಲೆ ಎಲ್ಲ ಗುಡಿಸಿ ಚೀಲಕ್ಕೆ ತುಂಬಿ, ಮುಂದಿನ ವರ್ಷದ ತಳಪಾಯಕ್ಕೆ ಆಗುತ್ತದೆ. ಫೋಟೊ ಮಾತ್ರ ಮೇಲಿನಿಂದ, ಏಣಿ ಹತ್ತಿ ತೆಗೆಯಿರಿ.

ಹಲಗೆಯ ಮೇಲೆ ಆದರೆ

ಎರಡು ಅಡಿ ಚದರ, 12 ಮಿಲಿಮೀಟರ್ ಪ್ಲೈವುಡ್ ತನ್ನಿ. ತೆಳ್ಳನೆಯದು ಫೆವಿಕಾಲ್ ನೀರಿಗೆ ಬಾಗುತ್ತದೆ. ಸ್ಯಾಂಡ್ ಪೇಪರ್ ಉಜ್ಜಿ, ಫೆವಿಕಾಲ್‌ಗೆ ಸಮ ನೀರು ಬೆರೆಸಿ ಅಗಲ ಬ್ರಶ್‌ನಿಂದ ಹಚ್ಚಿ, ತಕ್ಷಣ ತಳದ ಮರಳನ್ನು ಜರಡಿಯಿಂದ ಉದುರಿಸಿ. ಒಣಗಿದ ಮೇಲೆ ಹಲಗೆ ನಿಲ್ಲಿಸಿ ಹಿಂದಿನಿಂದ ತಟ್ಟಿದರೆ ಹೆಚ್ಚಿನ ಮರಳು ಬೀಳುತ್ತದೆ. ಒಂದು ರಾತ್ರಿ ಬಿಡಿ.

ಆಮೇಲೆ ನಕ್ಷೆಯನ್ನು ಪೆನ್ಸಿಲ್‌ನಿಂದ ತೆಳುವಾಗಿ ಗುರುತಿಸಿ, ಒಂದು ಬಣ್ಣಕ್ಕೆ ಒಂದು ಸಲ. ಅಂಟು ಈಗ ಸ್ವಲ್ಪ ಗಟ್ಟಿ ಇರಲಿ, ಮೂರು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು. ಸಣ್ಣ ಬ್ರಶ್‌ನಿಂದ ಅಂಗೈಯಷ್ಟು ಜಾಗಕ್ಕೆ ಮಾತ್ರ ಹಚ್ಚಿ ಪುಡಿ ಹಾಕಿ. ಕಲಬುರಗಿಯ ಮಾರ್ಚ್, ಏಪ್ರಿಲ್ ಸೆಕೆಯಲ್ಲಿ ಈಸ್ಟರ್‌ಗೆ ಅಂತ ಮಾಡುತ್ತಿದ್ದರೆ ಅಂಟು ನಿಮಿಷದಲ್ಲಿ ಒಣಗುತ್ತದೆ, ಬೆಳಿಗ್ಗೆ ಬೇಗ ಕೂರಿ, ಫ್ಯಾನ್ ಆರಿಸಿ. ಒಂದು ಬಣ್ಣ ಪೂರ್ತಿ ಒಣಗಿ, ತಟ್ಟಿ ಉದುರಿಸಿದ ಮೇಲೆಯೇ ಇನ್ನೊಂದು. ಬಿಳಿ, ಹಳದಿ ಮೊದಲು, ಇದ್ದಿಲು ಕಪ್ಪು ಕೊನೆಗೆ. ಇದ್ದಿಲು ಒಮ್ಮೆ ಬಿಳಿಯ ಮೇಲೆ ಬಿದ್ದರೆ ಊದಿದರೂ ಹೋಗೋದಿಲ್ಲ.

ಎಲ್ಲ ಮುಗಿದು ಒಂದು ದಿನ ಒಣಗಿದ ಮೇಲೆ ಮ್ಯಾಟ್ ವಾರ್ನಿಶ್ ಸ್ಪ್ರೇಯನ್ನು ದೂರದಿಂದ ಎರಡು ಸಲ ತೆಳುವಾಗಿ ಹೊಡೆಯಿರಿ. ಹೊಳೆಯುವ ವಾರ್ನಿಶ್ ಹೊಡೆದರೆ ಮಣ್ಣು ಪ್ಲಾಸ್ಟಿಕ್ ಆಗಿ ಕಾಣುತ್ತದೆ. ಸ್ಪ್ರೇ ಬಿದ್ದ ಮೇಲೆ ಎಲ್ಲ ಬಣ್ಣ ಸ್ವಲ್ಪ ಗಾಢವಾಗುತ್ತದೆ, ಹಾಗಾಗಿ ನೀಲಿ ಬೂದನ್ನು ಮೊದಲೇ ಒಂದು ಹಂತ ತಿಳಿಯಾಗಿ ಬೆರೆಸಿಕೊಳ್ಳಿ.

ಹಲಗೆಯ ಹಿಂದೆ ಒಂದು ಚೀಟಿ ಅಂಟಿಸಿ. ಯಾವ ಮಣ್ಣು ಯಾವ ಊರಿನದು, ಯಾರು ಬಿಡಿಸಿದರು, ಪುಡಿ ಉದುರಿಸುವ ವಿಧಾನ ನವಾಹೊಗಳಿಂದ ಕಲಿತದ್ದು, ಚಿತ್ರ ನಮ್ಮದು ಅಂತ ಬರೆಯಿರಿ. ಚರ್ಚ್ ಮಾರಾಟ ಮೇಳದಲ್ಲಿ ಇಡುವುದಾದರೆ ನವಾಹೊ ಪೇಂಟಿಂಗ್ ಅಂತ ಬೋರ್ಡ್ ಹಾಕಬೇಡಿ. ಅಮೆರಿಕದಲ್ಲಿ ಮೂಲನಿವಾಸಿ ಇಂಡಿಯನ್ ಅಲ್ಲದವರು ಮಾಡಿದ್ದನ್ನು ಇಂಡಿಯನ್ ಕಲೆ ಅಂತ ಮಾರಿದರೆ 1990ರ ಕಾನೂನಿನ ಪ್ರಕಾರ ಅಪರಾಧ. ಆ ಕಾನೂನು ಬೀದರ್‌ಗೆ ಬರೋದಿಲ್ಲ ನಿಜ, ಆದರೆ ಬೇರೆ ಊರಲ್ಲಿ ಎರಕ ಹೊಯ್ದ ತಗಡನ್ನು ಬಿದ್ರಿ ಅಂತ ಮಾರಿದರೆ ನಮಗೆ ಎಷ್ಟು ಉರಿಯುತ್ತದೆ ಅಂತ ಬೀದರಿನವರಿಗೆ ನಾನು ಹೇಳಬೇಕಾಗಿಲ್ಲ. ಮಣ್ಣಿನ ಚಿತ್ರ, ಜೊತೆಗೆ ನಿಮ್ಮ ಸಭೆಯ ಹೆಸರು, ಅಷ್ಟು ಸಾಕು. ಕೊರಿಯರ್‌ನಲ್ಲಿ ಕಳಿಸುವುದಾದರೆ ಮುಖಕ್ಕೆ ಮೊದಲು ಬೆಣ್ಣೆ ಕಾಗದ, ಅದರ ಮೇಲೆ ಥರ್ಮಾಕೋಲ್ ಕಟ್ಟಿ. ಗೋದಲಿಗೆ ಬೇಡ ಅಂದ ಥರ್ಮಾಕೋಲ್ ಇಲ್ಲಿ ಕೆಲಸಕ್ಕೆ ಬರುತ್ತದೆ.